ಅದೆಲ್ಲ ಬಿಡಿಸಿ ಹೇಳಲೇಬೇಕಾ, ಮೇಡಂ?

ಪ್ರಶ್ನೆ: ನನಗೆ 34 ವರ್ಷ. ಕಾಪು ಹತ್ತಿರದ ಊರು. 11 ವರ್ಷದವಳಿದ್ದಾಗ ರಜೆಗೆ ಅಜ್ಜಿಮನೆಗೆ ಹೋದಾಗಲೆಲ್ಲ ಸಂಬಂಧಿಕರೊಬ್ಬರು ನನ್ನ ಜೊತೆ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದರು. ಯಾರಿಗೂ ಹೇಳಿಲ್ಲ, ಗಂಡನಿಗೂ. ಮಗಳಿಗೆ 10 ತುಂಬಿದ ಮೇಲೆ ನನಗೆ ಏನೋ ಆಗಿದೆ. ರಾತ್ರಿ ಮೂರಕ್ಕೆ ಎಚ್ಚರ, ಯಾವುದರಲ್ಲೂ ಮನಸ್ಸಿಲ್ಲ. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಡಾಕ್ಟರು ಡಿಪ್ರೆಶನ್ ಎಂದು ಮಾತ್ರೆ ಕೊಟ್ಟು ನಾಲ್ಕು ತಿಂಗಳಾಯಿತು, ನಿದ್ದೆ ಸ್ವಲ್ಪ ಪರವಾಗಿಲ್ಲ. ಈಗ ಥೆರಪಿಗೆ ಹೋಗಿ ಅನ್ನುತ್ತಿದ್ದಾರೆ. ಅಲ್ಲಿ ಕೂತು ಅದೆಲ್ಲ ಹೇಳಲು ನನ್ನಿಂದ ಆಗದು. ಬರೀ ಮಾತಿನಿಂದ ಇದು ಹೋಗುತ್ತದಾ?

ಉತ್ತರ: ಆಗದು ಅಂದರೆ ಹೇಳಬೇಡಿ. ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಈ ಒಂದು ಹೆದರಿಕೆಯಿಂದಲೇ ಎಷ್ಟೋ ಹೆಂಗಸರು ಥೆರಪಿಯ ಬಾಗಿಲವರೆಗೆ ಬಂದು ವಾಪಸ್ ಬಸ್ ಹತ್ತುತ್ತಾರೆ.

ಮಗಳು ನಿಮ್ಮ ಆಗಿನ ವಯಸ್ಸಿನ ಹತ್ತಿರ ಬಂದಾಗ ಹಳೆಯದು ಎದ್ದು ಬರುವುದು ತುಂಬಾ ಜನರಲ್ಲಿ ಆಗುತ್ತದೆ. ಅವಳನ್ನು ನೋಡಿದಾಗಲೇ ಅಲ್ವಾ, 11 ವರ್ಷ ಅಂದರೆ ಎಷ್ಟು ಚಿಕ್ಕದು ಎಂದು ಗೊತ್ತಾಗುವುದು? 'ಆಗ ನಾನ್ಯಾಕೆ ಕೂಗಲಿಲ್ಲ' ಎಂದು ನೀವೂ ಕೇಳಿಕೊಂಡಿರಬಹುದು. ಹೆದರಿದಾಗ ಮೈ ಮರಗಟ್ಟುತ್ತದೆ, ಗಂಟಲು ಕಟ್ಟುತ್ತದೆ. ಅದು ಒಪ್ಪಿಗೆ ಅಲ್ಲ.

ಇನ್ನು ಥೆರಪಿ. ಡಿಪ್ರೆಶನ್‌ಗೆ ಇಂಟರ್‌ಪರ್ಸನಲ್ ಥೆರಪಿ ಎಂಬುದೊಂದು ಉಂಟು. ಸಾಮಾನ್ಯವಾಗಿ 12ರಿಂದ 16 ಭೇಟಿ, ವಾರಕ್ಕೊಂದು. ಅದರಲ್ಲಿ ಜಾಸ್ತಿ ಮಾತು ಇವತ್ತಿನ ಜನರ ಬಗ್ಗೆ: ಮನೆಯಲ್ಲಿ ಯಾರಿದ್ದಾರೆ, ಯಾರ ಹತ್ತಿರ ಮನಸ್ಸು ಬಿಚ್ಚುತ್ತೀರಿ, ಯಾರನ್ನು ಕಂಡರೆ ಹೊಟ್ಟೆ ತೊಳಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಕುಟುಂಬದ ಮದುವೆ, ಆ ಮನುಷ್ಯ ಊಟದ ಪಂಕ್ತಿಯಲ್ಲಿ ಎದುರಿಗೇ ಕೂತಿದ್ದಾನೆ, ಅಮ್ಮ 'ಹಿರಿಯರು, ಕಾಲಿಗೆ ಬೀಳು' ಅನ್ನುತ್ತಾರೆ, ನೀವು ಬೀಳುತ್ತೀರಿ, ಮನೆಗೆ ಬಂದು ಮೂರು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಗಂಡ 'ಎಂಥ ಆಯ್ತು' ಎಂದು ಕೇಳಿದರೆ ತಲೆನೋವು ಅನ್ನುತ್ತೀರಿ. ಥೆರಪಿಸ್ಟ್ ಹಿಡಿಯುವುದು ಈ ಮೂರು ದಿನಗಳನ್ನು. ಮುಂದಿನ ಮದುವೆಗೆ ಹೋಗಬೇಕಾ ಬೇಡವಾ, ಅಮ್ಮನಿಗೆ ಏನೆಂದು ಹೇಳುವುದು, ಗಂಡನಿಗೆ ಎಷ್ಟು ಹೇಳುವುದು, ಏನೂ ಹೇಳದಿದ್ದರೂ ಆಗುತ್ತದಾ, ಇಂಥದ್ದನ್ನೆಲ್ಲ ಕೂತು ಬಿಡಿಸುತ್ತಾರೆ, ಆಡಬೇಕಾದ ಮಾತನ್ನು ಅಲ್ಲೇ ಒಮ್ಮೆ ಆಡಿಸಿಯೂ ನೋಡುತ್ತಾರೆ. ನಿಮ್ಮಂಥ ಹೆಂಗಸರ ಜೊತೆಗೇ ಈ ಥೆರಪಿ ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿದೆ. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ಡಿಪ್ರೆಶನ್ ಜಾಸ್ತಿ ಇಳಿಯಿತು. ಜೊತೆಗೆ ಒಳಗಿನ ನಾಚಿಕೆಯೂ ಇಳಿಯಿತು. ನನಗೆ ಮುಖ್ಯವಾಗಿ ಕಂಡದ್ದು ಈ ಎರಡನೆಯದು.

ಕೆಟ್ಟ ಕನಸು, ಆ ಘಟನೆ ಕಣ್ಣೆದುರು ಮತ್ತೆ ನಡೆದಂತಾಗುವುದು ಇದ್ದರೆ ಬೇರೆ ಥೆರಪಿಗಳೂ ಬೇಕಾಗಬಹುದು. ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಅಂದರೆ 'ತಪ್ಪು ನನ್ನದೇ' ಎಂಬಂಥ ಮನಸ್ಸಲ್ಲಿ ಕೂತ ಯೋಚನೆಗಳನ್ನು ಒರೆಗೆ ಹಚ್ಚಿ ಬದಲಾಯಿಸುವುದು, ಸುಮಾರು 12 ಭೇಟಿಯದ್ದು. ಅದರಲ್ಲೂ ನಡೆದದ್ದನ್ನು ವಿವರವಾಗಿ ಬರೆಸದೆ ಮಾಡುವ ಕ್ರಮ ಉಂಟು.

ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ನಾಲ್ಕು ತಿಂಗಳಲ್ಲಿ ಬರೀ ನಿದ್ದೆ ಸುಧಾರಿಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಡೋಸ್ ನೋಡುತ್ತಾರೆ. ಜೋಯಿಸರ ವಿಷಯಕ್ಕೆ ನನ್ನ ತಕರಾರಿಲ್ಲ, ದೈವಕ್ಕೆ ಹರಕೆ ಹೇಳಿಕೊಂಡರೆ ಮನೆಯವರಿಗೂ ಸಮಾಧಾನ. ಆದರೆ ಅದಕ್ಕಾಗಿ ಮಾತ್ರೆ ಬಿಡಿಸಿದರೆ ಮಾತ್ರ ನಾನು ಜಗಳಕ್ಕೆ ಬರುತ್ತೇನೆ.

ಗುಟ್ಟು ಹೊರಗೆ ಹೋದರೆ? ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಒಬ್ಬ ನೆಂಟ ಸಿಗುವ ಊರು ನಮ್ಮದು, ಹೆದರಿಕೆ ಸಹಜ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ನಿಮ್ಮ ಹಕ್ಕು. ನಿಮ್ಮ ಒಪ್ಪಿಗೆಯಿಲ್ಲದೆ, ಗಂಡ ಬಂದು ಕೇಳಿದರೂ ಥೆರಪಿಸ್ಟ್ ಸಾಮಾನ್ಯವಾಗಿ ಹೇಳುವಂತಿಲ್ಲ. ಜೀವಕ್ಕೆ ಅಪಾಯವಿದ್ದರೆ, ಅಥವಾ ಈಗ ಯಾವುದಾದರೂ ಮಗುವಿಗೆ ಹೀಗಾಗುತ್ತಿದೆ ಎಂದು ಗೊತ್ತಾದರೆ ಬೇರೆ ಮಾತು; ಮಗುವಿನ ವಿಷಯದಲ್ಲಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯಂತೆ, ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: ಆ ವ್ಯಕ್ತಿ ಈಗಲೂ ಕುಟುಂಬದಲ್ಲಿ ಓಡಾಡಿಕೊಂಡಿದ್ದಾರಾ? ಹೌದಾದರೆ ಮಗಳನ್ನು ಒಂದು ಗಳಿಗೆಯೂ ಅವರ ಜೊತೆ ಒಬ್ಬಳೇ ಬಿಡಬೇಡಿ. ಕಾರಣ ಯಾರಿಗೂ ಹೇಳಬೇಕಾಗಿಲ್ಲ.

ಎಲ್ಲಿಗೆ ಹೋಗುವುದು? ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನ ವೆನ್ಲಾಕ್, ಮಣಿಪಾಲದ ಕೆಎಂಸಿ, ಎಲ್ಲಿ ನಿಮಗೆ ಸಲೀಸೋ ಅಲ್ಲಿಯ ಮನೋವೈದ್ಯರ ವಿಭಾಗದಲ್ಲಿ ಕೇಳಿ. ಮಹಿಳಾ ಥೆರಪಿಸ್ಟೇ ಬೇಕು ಎಂದು ಹೇಳಲು ಸಂಕೋಚ ಬೇಡ. ಇಂಥ ದೌರ್ಜನ್ಯಕ್ಕೆ ಒಳಗಾದವರ ಜೊತೆ ಕೆಲಸ ಮಾಡಿದ್ದೀರಾ ಎಂದೂ ಕೇಳಿ. ಎರಡು ಮೂರು ಭೇಟಿಯಲ್ಲಿ ಸರಿಹೋಗದಿದ್ದರೆ ಬದಲಾಯಿಸಿ. ರಾತ್ರಿ ಮೂರಕ್ಕೆ ಎಚ್ಚರವಾದಾಗ ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಭೇಟಿಗೆ ಒಂದು ಚೀಟಿ ಬರೆದುಕೊಂಡು ಹೋಗಿ: 'ಚಿಕ್ಕವಳಿದ್ದಾಗ ನನಗೆ ಒಂದು ಆಗಿದೆ. ಅದನ್ನು ಈಗ ಕೇಳಬೇಡಿ.' ಬಾಯಿ ಬರದಿದ್ದರೆ ಚೀಟಿ ಮೇಜಿನ ಮೇಲಿಡಿ, ಸಾಕು.