ಮೋಲ್ಡಿಂದ ಚಾಕ್ಲೇಟ್ ಬಿಡ್ತಾನೇ ಇಲ್ಲ, ಏನ್ ಮಾಡೋದು? – ಅಡುಗೆಮನೆ ಪ್ರಶ್ನೋತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಮನೇಲಿ ಚಾಕ್ಲೇಟ್ ಮಾಡೋದರ ಬಗ್ಗೇನೇ ಇವೆ, ಅದ್ರಲ್ಲೂ ಮೋಲ್ಡ್, ಅಂದ್ರೆ ಅಚ್ಚಿನ ತಕರಾರು. ಅದಕ್ಕೇ ಉಪ್ಪಿನಕಾಯಿ, ಸಂಡಿಗೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು, ಇವತ್ತು ಪೂರ್ತಿ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, ಎರಡು ಥರ ಮೋಲ್ಡ್ ತರಿಸಿದೀನಿ, ಒಂದು ಮೆತ್ತಗಿರೋ ಸಿಲಿಕಾನ್, ಇನ್ನೊಂದು ಗಾಜಿನ ಥರ ಕಾಣೋ ಗಟ್ಟಿ ಪ್ಲಾಸ್ಟಿಕ್. ಒಳ್ಳೇದೇ ಇರ್ಲಿ ಅಂತ ದುಬಾರಿ ಡಾರ್ಕ್ ಚಾಕ್ಲೇಟ್ ತಂದು ಕರಗಿಸಿ ಎರಡಕ್ಕೂ ಹಾಕ್ದೆ. ಸಿಲಿಕಾನಿಂದ ಬಂತು, ಆದ್ರೆ ಹೊಳಪಿಲ್ಲ. ಗಟ್ಟಿ ಮೋಲ್ಡಲ್ಲಿ ಅಂಟ್ಕೊಂಡು ಕೂತಿದೆ, ಬಡಿದ್ರೂ ಬರ್ತಿಲ್ಲ. ತುಪ್ಪ ಸವರಬೇಕಿತ್ತಾ? – ತುಮಕೂರಿನ ಓದುಗರು

ಉತ್ತರ: ತುಪ್ಪ ಬೇಡ್ವೇ ಬೇಡ, ಎಣ್ಣೇನೂ ಬೇಡ. ಸವರಿದ್ರೆ ಚಾಕ್ಲೇಟ್ ಮೇಲೆ ಗೆರೆ ಗೆರೆ ಬೀಳತ್ತೆ ಅಷ್ಟೇ. ನಿಮ್ಮ ಮೋಲ್ಡಲ್ಲಿ ಏನೂ ದೋಷ ಇಲ್ಲ, ವಿಷಯ ಇರೋದು ಚಾಕ್ಲೇಟ್ ಹೆಂಗೆ ಗಟ್ಟಿಯಾಗತ್ತೆ ಅನ್ನೋದ್ರಲ್ಲಿ.

ಅಂಗಡೀಲಿ ಸಿಗೋ ಸ್ಲ್ಯಾಬ್ ಎರಡು ಥರ. ಒಂದು ಕಾಂಪೌಂಡ್, ಅದ್ರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ವನಸ್ಪತಿ ಕೊಬ್ಬು ಇರತ್ತೆ, ಸಾಮಾನ್ಯವಾಗಿ ತಾಳೆ ಬೀಜದ್ದು. ಅದನ್ನ ಸುಮ್ನೆ ಕರಗಿಸಿ ಹಾಕಿ ಫ್ರಿಜ್ಜಲ್ಲಿಟ್ರೆ ಸಾಕು, ತಾನೇ ಬಿಡತ್ತೆ. ಇನ್ನೊಂದು ನಿಜವಾದ ಕೋಕೋ ಬೆಣ್ಣೆ ಇರೋದು, ಕೂವರ್ಚರ್ ಅಂತ ಬರೆದಿರ್ತಾರೆ, ನೀವು ತಂದಿರೋದು ಇದೇ ಇರ್ಬೇಕು. ಈ ಕೋಕೋ ಬೆಣ್ಣೆ ಇದ್ಯಲ್ಲ, ಅದು ಆರು ಬೇರೆ ಬೇರೆ ರೀತೀಲಿ ಹರಳುಗಟ್ಟಬಹುದು, ಅದ್ರಲ್ಲಿ ಐದನೇ ರೂಪ ಮಾತ್ರ ನಮಗೆ ಬೇಕಾದ್ದು, ಸುಮಾರು 34 ಡಿಗ್ರಿಗೆ ಕರಗತ್ತೆ, ಅದಕ್ಕೇ ಒಳ್ಳೇ ಚಾಕ್ಲೇಟ್ ಕೈಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗೋದು. ಆ ರೂಪದಲ್ಲಿ ಗಟ್ಟಿಯಾದಾಗ ಚಾಕ್ಲೇಟ್ ಒಂಚೂರು ಕುಗ್ಗತ್ತೆ, ಕುಗ್ಗಿದಾಗ ಮೋಲ್ಡ್ ಗೋಡೆಯಿಂದ ತಾನಾಗೇ ಬಿಟ್ಕೊಳತ್ತೆ. ಸುಮ್ನೆ ಕರಗಿಸಿ ಸುರಿದ್ರೆ ಉಳಿದ ಸಡಿಲ ಹರಳುಗಳೇ ಜಾಸ್ತಿ ಆಗಿ ಸರಿಯಾಗಿ ಕುಗ್ಗಲ್ಲ, ಅಂಟ್ಕೊಳತ್ತೆ. ಬೇಕಾದ ಹರಳು ಬರೋ ಹಾಗೆ ಮಾಡೋದಕ್ಕೇ ಟೆಂಪರಿಂಗ್ ಅನ್ನೋದು.

ಮನೇಲಿ ಸುಲಭ ದಾರಿ ಹೇಳ್ತೀನಿ. 300 ಗ್ರಾಂ ಡಾರ್ಕ್ ಇದ್ರೆ 200 ಗ್ರಾಂ ಮೊದಲು ಕರಗಿಸಿ, 45 ಡಿಗ್ರಿ ಬರ್ಲಿ, ಉರಿಯಿಂದ ಇಳಿಸಿ, ಉಳಿದ 100 ಗ್ರಾಂ ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪ ಹಾಕ್ತಾ ಕೈಬಿಡದೆ ತಿರುವ್ತಾ ಇರಿ, 31–32 ಡಿಗ್ರಿಗೆ ಇಳಿದ್ರೆ ಆಯ್ತು. ಮಿಲ್ಕ್ ಚಾಕ್ಲೇಟಾದ್ರೆ 29–30, ವೈಟ್ ಆದ್ರೆ 28–29. ಮತ್ತೆ ಬಿಸಿ ಮಾಡೋವಾಗ 34 ದಾಟಿದ್ರೆ ಕಟ್ಟಿದ ಹರಳೆಲ್ಲ ಕರಗಿಹೋಗತ್ತೆ, ಮೊದಲಿಂದ ಶುರು ಮಾಡ್ಬೇಕು. ಕೈ ಅಂದಾಜಲ್ಲಿ ಮಾಡಕ್ಕೆ ಹೋಗ್ಬೇಡಿ, ಒಂದು ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ, ಇನ್ನೂ ನಾಲ್ಕು ಡಿಸೈನ್ ಮೋಲ್ಡ್ ತರಿಸೋ ದುಡ್ಡು ಇದಕ್ಕೆ ಹೋದ್ರೆ ಸಾರ್ಥಕ. ಚಾಕುವಿನ ತುದಿಗೆ ಒಂಚೂರು ಸವರಿಡಿ, ಐದಾರು ನಿಮಿಷದಲ್ಲಿ ಹೊಳಪಾಗಿ ಗಟ್ಟಿಯಾದ್ರೆ ಸರಿಯಾಗಿದೆ ಅಂತ. ಬೇಸಿಗೇಲಿ ಮನೆ ಒಳಗೇ 32 ಡಿಗ್ರಿ ಇರೋವಾಗ ಇದು ಆಗಲ್ಲ, ಬೆಳಗಿನ ಜಾವ ಮಾಡಿ, ಇಲ್ಲ ಎಸಿ ರೂಮಲ್ಲಿ ಮಾಡಿ.

ಮೋಲ್ಡ್ ರೂಮಿನ ಬಿಸೀಲೇ ಇರ್ಲಿ, ಮೊದಲೇ ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡ್ಬೇಡಿ. ಒಣ ಹತ್ತಿಯಿಂದ ಪ್ರತಿ ಗುಳೀನೂ ಒರೆಸಿ, ಚಾಕ್ಲೇಟ್ ತುಂಬಿ, ಟೇಬಲ್ ಮೇಲೆ ಕುಟ್ಟಿ ಗಾಳಿಗುಳ್ಳೆ ತೆಗೀರಿ, ಮೇಲೆ ಉಳಿದಿದ್ದನ್ನ ಕೆರೆದು ಸಮ ಮಾಡಿ. 10–15 ನಿಮಿಷ ಫ್ರಿಜ್, ಫ್ರೀಜರ್ ಅಲ್ಲ. ಪಾರದರ್ಶಕ ಮೋಲ್ಡಿನ ಒಂದು ಅನುಕೂಲ ಅಂದ್ರೆ ಅಡಿಯಿಂದ ನೋಡ್ಬಹುದು, ಚಾಕ್ಲೇಟ್ ಬಿಟ್ಕೊಂಡಿದ್ರೆ ಅಲ್ಲಿ ಮಂಜು ಮುಸುಕಿದ ಹಾಗೆ ಬೂದು ಬಣ್ಣ ಕಾಣತ್ತೆ, ಇನ್ನೂ ಒದ್ದೆಯಾದ ಹಾಗೆ ಕಪ್ಪಗಿದ್ರೆ ಅಲ್ಲಿ ಅಂಟ್ಕೊಂಡಿದೆ ಅಂತ, ಐದು ನಿಮಿಷ ಕಾಯಿರಿ. ಚಾಕು ಹಾಕಿ ಕೀಳಬೇಡಿ, ಗೀರು ಬಿದ್ರೆ ಆಮೇಲೆ ಮಾಡೋ ಪ್ರತಿ ಚಾಕ್ಲೇಟ್ ಮೇಲೂ ಆ ಗೀರು ಬರತ್ತೆ. ಈಗ ಅಂಟಿರೋದಕ್ಕೆ ಹೇರ್ ಡ್ರೈಯರ್ ಗಾಳಿ ಕೊಟ್ಟು ಕರಗಿಸಿ ವಾಪಸ್ ಬಟ್ಟಲಿಗೆ ಸುರ್ಕೊಳ್ಳಿ, ವೇಸ್ಟ್ ಆಗಲ್ಲ.

ಸಿಲಿಕಾನ್ ವಿಷಯ, ಅದನ್ನ ಬಗ್ಗಿಸಬಹುದು, ಹಿಂದಿಂದ ತಳ್ಳಿದ್ರೆ ಎಂಥದ್ದೂ ಈಚೆ ಬರತ್ತೆ, ಆದ್ರೆ ಚಾಕ್ಲೇಟ್ ಮೋಲ್ಡಿನ ಒಳಮೈಯನ್ನ ಹಾಗೇ ನಕಲು ಮಾಡತ್ತೆ. ನಿಮ್ಮ ಸಿಲಿಕಾನ್ ಒಳಗೆ ಮಂಕಾಗಿದ್ರೆ ಚಾಕ್ಲೇಟೂ ಮಂಕೇ. ಹೊಳಪು ಬೇಕಂದ್ರೆ ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್, ಮಕ್ಕಳಿಗೆ ಕರಡಿ, ಕಾರು ಆಕಾರ ಸಾಕಂದ್ರೆ ಸಿಲಿಕಾನ್.

ಪ್ರಶ್ನೆ: ಮೇಡಮ್ಮರ, ನಾ ಮಾಡಿದ್ ಚಾಕ್ಲೇಟ್ ಮೊದಲ ದಿನ ಚಂದಿತ್ರಿ, ವಾರ ಬಿಟ್ಟ ನೋಡಿದ್ರ ಮ್ಯಾಲ ಬಿಳಿ ಬಿಳಿ ಆಗೇತಿ. ಬೂಸ್ಟ ಬಂದೈತೇನ್ರಿ? ಹುಡುಗ್ರಿಗೆ ಕೊಡಬಹುದಾ? – ಹುಬ್ಬಳ್ಳಿಯ ಓದುಗರು

ಉತ್ತರ: ಒಳಗೆ ಏನೂ ತುಂಬಿಲ್ಲದ ಬರೀ ಚಾಕ್ಲೇಟ್ ಆದ್ರೆ ಅದು ಬೂಷ್ಟು ಅಲ್ಲ, ಧೈರ್ಯವಾಗಿ ಕೊಡಿ. ಬೆರಳಲ್ಲಿ ಮುಟ್ಟಿ ನೋಡಿ. ಜಿಡ್ಡು ಜಿಡ್ಡಾಗಿ, ಉಜ್ಜಿದ್ರೆ ಮಾಯ ಆದ್ರೆ ಅದು ಕೊಬ್ಬು ಮೇಲೆ ಬಂದಿರೋದು, ಟೆಂಪರಿಂಗ್ ಸರಿಯಾಗಿಲ್ಲ ಅಥವಾ ಒಂದ್ಸಲ ಬಿಸಿಗೆ ಮೆತ್ತಗಾಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಒರಟಾಗಿ ಮರಳು ಮರಳಾಗಿದ್ರೆ ಅದು ಸಕ್ಕರೆ, ಫ್ರಿಜ್ಜಿಂದ ಈಚೆ ತೆಗೆದಾಗ ಚಾಕ್ಲೇಟ್ ಬೆವರಿ, ಆ ನೀರಲ್ಲಿ ಸಕ್ಕರೆ ಕರಗಿ, ಒಣಗಿದ ಮೇಲೆ ಹಾಗೆ ಕೂತಿರತ್ತೆ. ಡಬ್ಬಿ ಮುಚ್ಚಿಟ್ಟೇ ಈಚೆ ತಂದು, ಡಬ್ಬಿ ರೂಮಿನ ಬಿಸಿಗೆ ಬಂದ ಮೇಲೆ ಮುಚ್ಚಳ ತೆಗೀರಿ, ಇದು ತಪ್ಪತ್ತೆ. ಆದ್ರೆ ಒಳಗೆ ಕ್ರೀಮ್, ಹಸಿ ತೆಂಗಿನಕಾಯಿ ಹಾಕಿದ್ದಾದ್ರೆ, ಇಲ್ಲ ಮೇಲಿರೋದು ಹತ್ತಿ ಥರ ಎದ್ದು ಕಾಣ್ತಿದ್ರೆ ಎಸೆದುಬಿಡಿ.

ಪ್ರಶ್ನೆ: ಅಕ್ಕ, ಕಾಂಪೌಂಡ್ ಕರಗಿಸ್ತಾ ಇರುವಾಗಲೇ ಮುದ್ದೆ ಮುದ್ದೆ ಆಯ್ತು. ಎಣ್ಣೆ ಹಾಕಿದ್ರೂ ಮೋಲ್ಡಿಗೆ ಹುಯ್ಯಲಿಕ್ಕೆ ಆಗಲಿಲ್ಲ. ಬಣ್ಣದ ಚಾಕ್ಲೇಟ್ ಮಾಡುವ ಅಂತ ವೈಟಿಗೆ ಕೇಸರಿ ಬಣ್ಣ ಹಾಕಿದಾಗಲೂ ಹೀಗೇ ಆಯ್ತು. – ಉಡುಪಿಯ ಓದುಗರು

ಉತ್ತರ: ಎರಡಕ್ಕೂ ಒಂದೇ ಕಾರಣ, ನೀರು. ಕರಗಿದ ಚಾಕ್ಲೇಟಿಗೆ ಒಂದು ಹನಿ ನೀರು ಬಿದ್ರೂ ಒಳಗಿರೋ ಸಕ್ಕರೆ ಅದನ್ನ ಹೀರ್ಕೊಂಡು ಒಂದಕ್ಕೊಂದು ಅಂಟಿ ಮುದ್ದೆಯಾಗತ್ತೆ. ಕೆಳಗಿನ ಪಾತ್ರೆ ನೀರು ಕುದೀತಾ ಇದ್ರೆ ಹಬೆ ಪಕ್ಕದಿಂದ ಬಂದು ಸೇರ್ಕೊಳತ್ತೆ, ಅದಕ್ಕೇ ನೀರು ಬಿಸಿಯಾದ ಮೇಲೆ ಉರಿ ಆರಿಸಿ ಬಟ್ಟಲು ಇಡಿ, ಬಟ್ಟಲಿನ ತಳ ನೀರಿಗೆ ತಾಗಬಾರದು. ನಿಮ್ಮ ಕರಾವಳಿ ಕಡೆ ಗಾಳೀಲೇ ತೇವ ಜಾಸ್ತಿ, ಮಳೆಗಾಲದಲ್ಲಂತೂ ಮೈಕ್ರೋವೇವೇ ವಾಸಿ, ಅರ್ಧ ಪವರಲ್ಲಿ 30 ಸೆಕೆಂಡ್ ಇಟ್ಟು ತೆಗೆದು ತಿರುವಿ ಮತ್ತೆ ಇಡೋದು. ಬಣ್ಣ ಎಣ್ಣೆ ಆಧಾರದ್ದೇ ಆಗ್ಬೇಕು, ಕೇಸರಿಬಾತಿಗೆ ಹಾಕೋ ನೀರು ಬಣ್ಣ ಆಗಲ್ಲ. ಮುದ್ದೆಯಾದದ್ದು ಮೋಲ್ಡಿಗೆ ಬರಲ್ಲ, ಬಿಸಿ ಹಾಲು ಚಮಚ ಚಮಚ ಹಾಕಿ ತಿರುವಿದ್ರೆ ಒಳ್ಳೇ ಸಾಸ್ ಆಗತ್ತೆ, ಐಸ್‌ಕ್ರೀಮ್ ಮೇಲೆ ಹಾಕಿ.

ಪ್ರಶ್ನೆ: ನಮ್ಮದು ಸುಳ್ಯ ಹತ್ತಿರ ಅಡಿಕೆ ತೋಟ, ನಡುವೆ ಕೋಕೋ ಗಿಡ ಉಂಟು. ಇಷ್ಟು ವರ್ಷ ಹಸಿ ಬೀಜ ಕೊಡ್ತಾ ಬಂದೆವು. ನಮ್ಮದೇ ಬೀಜದಿಂದ ಮನೆಯಲ್ಲೇ ಚಾಕ್ಲೇಟ್ ಮಾಡಿ ಮೋಲ್ಡಿಗೆ ಹುಯ್ಯಬಹುದಾ?

ಉತ್ತರ: ಖಂಡಿತ ಮಾಡ್ಬಹುದು, ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಪತ್ರ ಇದು. ನಿಮ್ಮ ಪಕ್ಕದ ಪುತ್ತೂರಲ್ಲೇ 1986ರಿಂದ ಕ್ಯಾಂಪ್ಕೋ ಸಹಕಾರ ಸಂಸ್ಥೆಯ ಚಾಕ್ಲೇಟ್ ಫ್ಯಾಕ್ಟರಿ ನಡೀತಿದೆ, ಕೋಕೋ ಬೆಳೆಯೋರು ಅಲ್ಲಿ ಬೇಕಾದಷ್ಟು ಜನ, ಆದ್ರೆ ತಮ್ಮ ಬೀಜದ ಚಾಕ್ಲೇಟ್ ರುಚಿ ನೋಡಿರೋ ಮನೆಗಳು ಕಮ್ಮಿ. ರುಚಿ ಹುಟ್ಟೋದು ಹುಳಿ ಬರೋ ಹಂತದಲ್ಲಿ. ಹಣ್ಣಾದ ಕಾಯಿ ಒಡೆದು ಲೋಳೆ ಸಮೇತ ಬೀಜನ ಮರದ ಪೆಟ್ಟಿಗೆಗೋ ಬುಟ್ಟಿಗೋ ತುಂಬಿ ಬಾಳೆಲೆ ಮುಚ್ಚಿ ಐದಾರು ದಿನ ಬಿಡಿ, ನಡುವೆ ಮಗುಚ್ತಾ ಇರಿ. ಒಳಗೆ ಒಳ್ಳೇ ಬಿಸಿ ಹುಟ್ಟತ್ತೆ, ವಿನೆಗರ್ ವಾಸನೆ ಬರತ್ತೆ, ಹೆದರಬೇಡಿ. ತೀರಾ ಸ್ವಲ್ಪ ಬೀಜ ಇದ್ರೆ ಆ ಬಿಸಿ ಹುಟ್ಟಲ್ಲ, ಅದಕ್ಕೆ ಅಕ್ಕಪಕ್ಕದ ತೋಟದವರ ಜೊತೆ ಸೇರಿ ಮಾಡಿ. ಆಮೇಲೆ ವಾರದಷ್ಟು ಬಿಸಿಲಲ್ಲಿ ಒಣಗಿಸಿ, ಹುರಿದು, ಸಿಪ್ಪೆ ಬಿಡಿಸಿ ಮೊರದಲ್ಲಿ ಕೇರಿ. ರುಬ್ಬೋದಕ್ಕೆ ಕಲ್ಲಿನ ಟೇಬಲ್‌ಟಾಪ್ ಗ್ರೈಂಡರ್, ಇದೇ ಮಾದರಿ ಯಂತ್ರನ ಸಣ್ಣ ಚಾಕ್ಲೇಟ್ ತಯಾರಕರು ಹೊರದೇಶಗಳಲ್ಲೂ ಬಳಸ್ತಾರೆ. ಆದ್ರೆ ದೋಸೆ ಹಿಟ್ಟು ರುಬ್ಬೋ ಗ್ರೈಂಡರ್ ಬೇಡ, ಕಲ್ಲಲ್ಲಿ ತೇವ, ಹುಳಿ ವಾಸನೆ ಎರಡೂ ಉಳಿದಿರತ್ತೆ. ನಯ ಬರೋಕೆ ಒಂದು ದಿನಕ್ಕೂ ಹೆಚ್ಚು ಹೊತ್ತು ಓಡಬೇಕು, ಮನೆ ಗ್ರೈಂಡರ್ ಮೋಟರ್ ಅಷ್ಟಕ್ಕೆ ತಡೆಯಲ್ಲ, ಚಾಕ್ಲೇಟಿಗೆ ಅಂತಲೇ ಸಿಗೋ ಯಂತ್ರ ನೋಡಿ. ಸಕ್ಕರೆ ಅದ್ರಲ್ಲೇ ಹಾಕಿ ರುಬ್ಬಿ. ಬಂದದ್ದು ಅಸಲಿ ಕೋಕೋ ಬೆಣ್ಣೆ ಚಾಕ್ಲೇಟ್, ಮೇಲೆ ತುಮಕೂರಿನವರಿಗೆ ಹೇಳಿದ ಹಾಗೆ ಟೆಂಪರ್ ಮಾಡ್ಲೇಬೇಕು.

ಪ್ರಶ್ನೆ: ಕೋಕೋ ಪೌಡರ್, ಕೊಬ್ಬರಿ ಎಣ್ಣೆ, ಬೆಲ್ಲ ಹಾಕಿ ಮಕ್ಕಳಿಗೆ ಮಾಡ್ತೀನಿ, ಮೋಲ್ಡಿಂದ ಬರತ್ತೆ ಆದ್ರೆ ಕೈಯಲ್ಲೇ ಕರಗತ್ತೆ. – ಶಿರಸಿಯ ಓದುಗರು

ಉತ್ತರ: ಕೊಬ್ಬರಿ ಎಣ್ಣೆ 24–25 ಡಿಗ್ರಿಗೇ ಕರಗತ್ತೆ, ಹಾಗಾಗಿ ಏನ್ ಮಾಡಿದ್ರೂ ಫ್ರಿಜ್ಜಿಂದ ತೆಗೆದ ತಕ್ಷಣ ತಿನ್ಬೇಕು. ಎಣ್ಣೆ ಬದಲು ಕೋಕೋ ಬೆಣ್ಣೆ ಹಾಕಿ. ಬೆಲ್ಲದಲ್ಲಿ ತೇವ ಇರತ್ತೆ, ಚೆನ್ನಾಗಿ ಒಣಗಿದ ಬೆಲ್ಲದ ಪುಡಿ ಜರಡಿ ಹಿಡಿದು ಹಾಕಿ, ಪಾಕ ಬೇಡ.

ಪ್ರಶ್ನೆ: ಮನೇಲೇ ಮಾಡಿ ಪರಿಚಯದವರಿಗೆ ಮಾರೋಣ ಅಂತಿದೀನಿ. ಖರ್ಚು ಕಮ್ಮಿಯಾಗ್ಲಿ ಅಂತ ಕಾಂಪೌಂಡೂ ಕೂವರ್ಚರೂ ಅರ್ಧರ್ಧ ಸೇರಿಸ್ಬಹುದಾ? ಒಂದು ಮೋಲ್ಡಿಗೆ ಎಷ್ಟು ಬೇಕು ಅಂತ ಲೆಕ್ಕ ಹೆಂಗೆ? – ಮೈಸೂರಿನ ಓದುಗರು

ಉತ್ತರ: ಸೇರಿಸ್ಬೇಡಿ. ಆ ಎರಡು ಕೊಬ್ಬು ಒಂದಕ್ಕೊಂದು ಹೊಂದಲ್ಲ, ಮೆತ್ತಗೆ ಉಳಿಯತ್ತೆ, ಬೇಗ ಬೆಳ್ಳಗಾಗತ್ತೆ. ಕಾಂಪೌಂಡಲ್ಲಿ ಮಾಡಿದ್ರೆ ಕಾಂಪೌಂಡ್ ಅಂತಲೇ ಹೇಳಿ ಮಾರಿ, ಒಳಗೆ ಹುರಿದ ಗೋಡಂಬಿ, ಒಣದ್ರಾಕ್ಷಿ ಧಾರಾಳವಾಗಿ ಹಾಕಿ, ತಿನ್ನೋರಿಗೂ ಮೋಸ ಇಲ್ಲ. ಲೆಕ್ಕಕ್ಕೆ ಮೋಲ್ಡಿಗೆ ನೀರು ತುಂಬಿ ಆ ನೀರನ್ನ ತೂಗಿ, ಅದರ ಒಂದೂಕಾಲು ಪಟ್ಟು ಚಾಕ್ಲೇಟ್ ಬೇಕು ಅಂತ ಇಟ್ಕೊಳ್ಳಿ, 100 ಗ್ರಾಂ ನೀರು ಹಿಡಿದ್ರೆ ಸುಮಾರು 125 ಗ್ರಾಂ ಚಾಕ್ಲೇಟ್. ಆ ಮೋಲ್ಡನ್ನ ಅವತ್ತೇ ಬಳಸ್ಬೇಡಿ, ರಾತ್ರಿಯೆಲ್ಲ ಒಣಗಲಿ.

ಮಾರೋದಕ್ಕೆ ಮುಂಚೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಚಿಕ್ಕ ಮನೆ ಉದ್ಯಮಕ್ಕೂ ಬೇಕು. ಪ್ಯಾಕೆಟ್ ಮೇಲೆ ಆ ನಂಬರ್, ಮಾಡಿದ ದಿನ, ಒಳಗೇನಿದೆ ಅನ್ನೋದೆಲ್ಲ ಇರ್ಲಿ, ಹಾಲು, ಗೋಡಂಬಿ, ಕಡಲೆಕಾಯಿ ಇದ್ರೆ ಎದ್ದು ಕಾಣೋ ಹಾಗೆ ಬರೀರಿ, ಕೆಲವರಿಗೆ ಅಲರ್ಜಿ ಜೀವಕ್ಕೇ ಬರತ್ತೆ. ಕ್ರೀಮ್ ತುಂಬಿದ್ದನ್ನ ಶುರುವಲ್ಲೇ ಮಾರಕ್ಕೆ ಹೋಗ್ಬೇಡಿ, ಫ್ರಿಜ್ಜಲ್ಲಿಟ್ರೂ ವಾರದೊಳಗೆ ಮುಗಿಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೊರಿಯರ್ ಆರ್ಡರ್ ಬಂದ್ರೆ ಒಪ್ಕೊಬೇಡಿ, ಮೈಸೂರೊಳಗೆ ಕೈಯಾರೆ ತಲುಪಿಸೋ ಆರ್ಡರ್ ಮಾತ್ರ ತಗೊಳ್ಳಿ.