ವಾರಕ್ಕೆ ಇಪ್ಪತ್ತು ಗ್ರಾಂ ಚಾಕೊಲೇಟ್

ಬೀದಿಗೊಂದು ಸಿಸಿಟಿವಿ, ಕೈಗೊಂದು ಮೊಬೈಲ್ ಇರುವ ಈ ಕಾಲದಲ್ಲಿ ಜಾರ್ಜ್ ಆರ್ವೆಲ್‌ನ ಕಾದಂಬರಿ ‘1984’ ಹಳಸಲು ಎನಿಸುವುದಿಲ್ಲವೇ ಎಂದು ಕೇಳಿದ್ದೀರಿ. ಟೆಲಿಸ್ಕ್ರೀನ್ ಒಂದನ್ನೇ ನೋಡಿದರೆ ಹಾಗೆನಿಸೀತು. ಗೋಡೆಯ ಮೇಲಿನ ಆ ಪರದೆ ನೋಡುತ್ತದೆ, ಕೇಳಿಸಿಕೊಳ್ಳುತ್ತದೆ. ಆದರೂ ಕಥಾನಾಯಕ ವಿನ್‌ಸ್ಟನ್ ಸ್ಮಿತ್ ತನ್ನ ಕೋಣೆಯ ಮೂಲೆಯಲ್ಲಿ ಅದರ ಕಣ್ಣು ತಪ್ಪಿಸಿ ದಿನಚರಿ ಬರೆಯಲು ಕೂರುತ್ತಾನೆ. ಇಂದಿನ ಯಂತ್ರಗಳು ಅಷ್ಟು ಪೆದ್ದಲ್ಲ. (ಟಿವಿಯ ಬಿಗ್ ಬಾಸ್ ಆಟದ ಮೂಲವಾದ ಡಚ್ ಕಾರ್ಯಕ್ರಮಕ್ಕೆ ‘ಬಿಗ್ ಬ್ರದರ್’ ಎಂಬ ಹೆಸರು ಸಿಕ್ಕಿದ್ದು ಈ ಕಾದಂಬರಿಯ ಸರ್ವಾಧಿಕಾರಿಯಿಂದಲೇ.)

ನನಗೆ ಪುಸ್ತಕ ತಾಗಿದ್ದು ಬೇರೆ ಕಡೆ. ಪತ್ರಿಕೆಯೊಂದರ ಗ್ರಂಥಾಲಯದಲ್ಲಿ ಬಹುಕಾಲ ದುಡಿದವನು ನಾನು. ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸಿಡುವುದು, ಇಂಥ ದಿನದ್ದು ಬೇಕೆಂದು ಬಂದವರಿಗೆ ಧೂಳು ಕೊಡವಿ ತೆಗೆದುಕೊಡುವುದು ನನ್ನ ಕೆಲಸವಾಗಿತ್ತು. ವಿನ್‌ಸ್ಟನ್ ಸತ್ಯ ಸಚಿವಾಲಯದಲ್ಲಿ ಕುಳಿತು ಹಳೆಯ ‘ಟೈಮ್ಸ್’ ಸಂಚಿಕೆಗಳನ್ನು ತಿದ್ದುತ್ತಾನೆ. ತಿದ್ದಿದ್ದು ಮರುಮುದ್ರಣವಾಗಿ ಕಡತ ಸೇರುತ್ತದೆ, ಮೂಲ ಪ್ರತಿ ಸುಟ್ಟುಹೋಗುತ್ತದೆ.

ಚಾಕೊಲೇಟ್ ಪ್ರಸಂಗ ನೋಡಿ. 1984ನೇ ಇಸವಿಯಲ್ಲಿ ಚಾಕೊಲೇಟ್ ಪಡಿತರ ಕಡಿತವಾಗದು ಎಂದು ಸರ್ಕಾರ ಮಾತು ಕೊಟ್ಟಿರುತ್ತದೆ. ಈಗ ಅದನ್ನು 30 ಗ್ರಾಂನಿಂದ 20ಕ್ಕೆ ಇಳಿಸಬೇಕಾಗಿದೆ. ವಿನ್‌ಸ್ಟನ್ ಆ ಮಾತನ್ನು ಅಳಿಸಿ, ಏಪ್ರಿಲ್‌ನಲ್ಲಿ ಕಡಿತವಾಗಬಹುದು ಎಂಬ ಮುನ್ಸೂಚನೆಯನ್ನು ಅಲ್ಲಿ ಕೂರಿಸುತ್ತಾನೆ. ಇಷ್ಟೇ ಆಗಿದ್ದರೆ ಕಚೇರಿಯ ಕಳ್ಳಲೆಕ್ಕ ಎನ್ನಬಹುದಿತ್ತು. ಅದೇ ಮಧ್ಯಾಹ್ನ ಕ್ಯಾಂಟೀನಿನ ಟೆಲಿಸ್ಕ್ರೀನ್ ಸಾರುತ್ತದೆ: ಪಡಿತರವನ್ನು ವಾರಕ್ಕೆ 20 ಗ್ರಾಂಗೆ ‘ಏರಿಸಿದ್ದಕ್ಕೆ’ ಬಿಗ್ ಬ್ರದರ್‌ಗೆ ಧನ್ಯವಾದ ಹೇಳಿ ಜನ ಮೆರವಣಿಗೆ ಮಾಡಿದ್ದಾರಂತೆ! ಇಳಿಸುವ ಸುದ್ದಿ ಬಂದು ಒಂದೇ ದಿನವಾಗಿದೆ. ಪಕ್ಕದಲ್ಲಿ ಉಣ್ಣುತ್ತಿರುವ ಪಾರ್ಸನ್ಸ್ ಅದನ್ನು ಸಲೀಸಾಗಿ ನುಂಗುತ್ತಾನೆ. ಭಾಷಾಪಂಡಿತ ಸೈಮ್ ಕೂಡ ಹೇಗೋ ನುಂಗುತ್ತಾನೆ. ಹಾಗಾದರೆ ನೆನಪಿರುವುದು ತನಗೊಬ್ಬನಿಗೇನಾ ಎಂದು ವಿನ್‌ಸ್ಟನ್‌ಗೆ ದಿಗಿಲು.

ಅವನನ್ನು ಬರೀ ಬಲಿಪಶು ಎಂದು ಓದಬೇಡಿ. ಬದುಕಿನಲ್ಲಿ ಅವನಿಗೆ ಹೆಚ್ಚು ಸುಖ ಕೊಡುವುದು ಈ ಕೆಲಸವೇ. ಅಳಿಸಿಹಾಕಬೇಕಾದ ಒಬ್ಬನ ಜಾಗಕ್ಕೆ ಓಗಿಲ್ವಿ ಎಂಬ, ಹುಟ್ಟೇ ಇಲ್ಲದ ಯುದ್ಧವೀರನನ್ನು ಸೃಷ್ಟಿಸಿ, ಕುಶಲ ಕಸುಬಿಯಂತೆ ಖುಷಿಪಡುತ್ತಾನೆ. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಆರ್ವೆಲ್ ಶೂನ್ಯದಿಂದ ಕಲ್ಪಿಸಿದ್ದಲ್ಲ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಕುತ್ತಿಗೆಗೆ ಗುಂಡು ತಿಂದವನು ಅವನು; ನಡೆಯದ ಕದನಗಳ ವರದಿಗಳನ್ನು ಪತ್ರಿಕೆಗಳಲ್ಲಿ ಓದಿದವನು. ಸ್ಟಾಲಿನ್‌ನ ರಷ್ಯಾದಲ್ಲಿ ಬೇಡವಾದವರು ಛಾಯಾಚಿತ್ರಗಳಿಂದಲೂ ಮಾಯವಾಗುತ್ತಿದ್ದರು. ಸ್ಕಾಟ್ಲೆಂಡಿನ ಜುರಾ ದ್ವೀಪದಲ್ಲಿ, ಕ್ಷಯದಿಂದ ನರಳುತ್ತಲೇ ಅವನು ಕಾದಂಬರಿ ಮುಗಿಸಿದ. ಅದು ಪ್ರಕಟವಾದದ್ದು 1949ರ ಜೂನ್‌ನಲ್ಲಿ. ಮುಂದಿನ ಜನವರಿಯಲ್ಲಿ ಅವನು ತೀರಿಕೊಂಡ.

ಖಂಡಿತ ಓದಿ. ನಡುವೆ ಬರುವ, ಸರ್ಕಾರದ ಶತ್ರು ಗೋಲ್ಡ್‌ಸ್ಟೀನ್‌ನದೆನ್ನುವ ಗ್ರಂಥಭಾಗ ಆಕಳಿಕೆ ತರಿಸಿದರೆ ಪುಟ ಹಾರಿಸಿ, ನಾನೂ ಮೊದಲ ಸಲ ಹಾರಿಸಿದ್ದೆ. ಕೊನೆಯಲ್ಲಿರುವ, ಆಳುವವರು ಕಟ್ಟಿದ ‘ನ್ಯೂಸ್ಪೀಕ್’ ಭಾಷೆಯ ಅನುಬಂಧವನ್ನು ಮಾತ್ರ ಬಿಡಬೇಡಿ. ಅದನ್ನು ಬರೆದಿರುವುದು ಭೂತಕಾಲದಲ್ಲಿ: ಆ ಭಾಷೆ ‘ಇತ್ತು’ ಎನ್ನುತ್ತದೆ, ‘ಇದೆ’ ಎನ್ನುವುದಿಲ್ಲ.