ಫೆರಿಕ್ ಕ್ಲೋರೈಡ್ ದ್ರಾವಣ ಸೋತುಹೋಗುವುದು ಯಾಕೆ?

ಪ್ರಶ್ನೆ: ಮನೆಯಲ್ಲೇ ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗ ಕೂರಿಸುವ, ತಾಮ್ರದ ಪದರವಿರುವ ಬೋರ್ಡ್) ಮಾಡುತ್ತೇನೆ. ಬೋರ್ಡಿನ ಬೇಡದ ತಾಮ್ರ ತೆಗೆಯಲು 100 ಗ್ರಾಂ ಫೆರಿಕ್ ಕ್ಲೋರೈಡ್ ಹರಳನ್ನು ನೀರಿನಲ್ಲಿ ಕರಗಿಸಿ, 10 ಸೆಂ.ಮೀ. ಚೌಕದ ಮೂರು ಬೋರ್ಡ್ ಮಾಡಿದೆ. ನಾಲ್ಕನೆಯದು ಎರಡು ಗಂಟೆಯಾದರೂ ಮುಗಿಯಲಿಲ್ಲ, ತೆಳು ಟ್ರ್ಯಾಕ್‌ಗಳೂ (ವಿದ್ಯುತ್ ಹರಿಯಲು ಉಳಿಸುವ ತಾಮ್ರದ ಗೆರೆಗಳು) ತುಂಡಾದವು. ದ್ರಾವಣ ಕೆಟ್ಟಿದೆಯೇ? ಸಿಂಕಿಗೆ ಸುರಿಯಬಹುದೇ?

ಉತ್ತರ: ಸಿಂಕಿಗೆ ಖಂಡಿತ ಬೇಡ. ದ್ರಾವಣ ಕೆಟ್ಟಿಲ್ಲ, ಖರ್ಚಾಗಿದೆ.

ಇಲ್ಲಿ ತಾಮ್ರವನ್ನು ತಿನ್ನುವುದು ಆಮ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಆ ಕೆಲಸ ಕಬ್ಬಿಣದ ಅಯಾನಿನದು (ಅಯಾನು ಅಂದರೆ ವಿದ್ಯುದಾವೇಶವಿರುವ ಪರಮಾಣು). ಫೆರಿಕ್ ಅಯಾನು ತಾಮ್ರದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಫೆರಸ್ ಎಂಬ ಇನ್ನೊಂದು ಬಗೆಯ ಕಬ್ಬಿಣದ ಅಯಾನು ಆಗುತ್ತದೆ. ತಾಮ್ರದ ಪ್ರತಿ ಪರಮಾಣು ಕರಗಲು ಎರಡು ಫೆರಿಕ್ ಅಯಾನು ಬೇಕು. ಫೆರಸ್ ಆದ ಮೇಲೆ ಅದಕ್ಕೆ ತಾಮ್ರ ಕರಗಿಸುವ ಶಕ್ತಿ ಇಲ್ಲ.

ನಿಮ್ಮ ಲೆಕ್ಕವನ್ನೇ ನೋಡೋಣ. ಬೋರ್ಡಿನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. 10 ಸೆಂ.ಮೀ. ಚೌಕದಲ್ಲಿ ಸುಮಾರು 3 ಗ್ರಾಂ ತಾಮ್ರ ಇರುತ್ತದೆ. ಅದಷ್ಟೂ ಕರಗಲು ನೀರಿನಂಶವಿರುವ ಹಳದಿ ಹರಳು 27 ಗ್ರಾಂ ಬೇಕು. ಮೂರು ಬೋರ್ಡಿಗೆ ಸುಮಾರು 80 ಗ್ರಾಂ! ಟ್ರ್ಯಾಕ್ ಆಗಿ ಉಳಿದ ತಾಮ್ರವನ್ನು ಕಳೆದರೂ, ನಿಮ್ಮ ಪೊಟ್ಟಣದ ಬಹುಪಾಲು ಮುಗಿದಿದೆ ಅಲ್ವಾ? ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಖಾಲಿ ಜಾಗದ ತಾಮ್ರವನ್ನೆಲ್ಲ ಸುಮ್ನೆ ಕರಗಿಸಬೇಡಿ, ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಸಾಮಾನ್ಯ ಸಂಪರ್ಕ) ಆಗಿ ಬಿಡಿ. ದ್ರಾವಣವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಟ್ರ್ಯಾಕ್ ತುಂಡಾಗಿದ್ದೂ ಇದರಿಂದಲೇ ಇರಬೇಕು. ಬೋರ್ಡ್ ಜಾಸ್ತಿ ಹೊತ್ತು ಮುಳುಗಿದ್ದರೆ ದ್ರಾವಣ ಟ್ರ್ಯಾಕ್ ಕಾಯಲು ಬಳಿದ ಶಾಯಿಯ ಅಡಿಗೆ ಪಕ್ಕದಿಂದ ನುಗ್ಗಿ ಕೊರೆಯುತ್ತದೆ. ಹೊಸ ದ್ರಾವಣ ಮಾಡಿಕೊಳ್ಳಿ. ಪ್ಲಾಸ್ಟಿಕ್ ತಟ್ಟೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು 40 ಡಿಗ್ರಿ ಆಸುಪಾಸಿಗೆ ತನ್ನಿ. ಒಲೆಯ ಮೇಲೆ ಮಾತ್ರ ಇಡಬೇಡಿ. ತಟ್ಟೆಯನ್ನು ಮೆಲ್ಲಗೆ ಅಲುಗಾಡಿಸುತ್ತಿರಿ. ಕೈಗವಸು, ಕನ್ನಡಕ ಇರಲಿ. ಸ್ಟೀಲ್ ಚಮಚ ಬೇಡ, ಅದನ್ನೂ ತಿನ್ನುತ್ತದೆ.

ಇನ್ನು ಹಳೆಯ ದ್ರಾವಣ. ಅದರಲ್ಲಿ ಕರಗಿರುವ ತಾಮ್ರ ಮೀನಿಗೆ, ಪಾಚಿಗೆ ವಿಷ. ಉಳಿದ ಫೆರಿಕ್ ಲೋಹದ ಪೈಪನ್ನೂ ಕೊರೆಯುತ್ತದೆ. ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವೇ ಉದುರಿಸಿ. ನೊರೆ ಉಕ್ಕುತ್ತದೆ, ಆತುರ ಬೇಡ. ನೊರೆ ಬರುವುದು ನಿಂತ ಮೇಲೆ ಒಂದು ರಾತ್ರಿ ಬಿಡಿ. ತಾಮ್ರ, ಕಬ್ಬಿಣ ಎರಡೂ ಕೆಸರಾಗಿ ತಳಕ್ಕೆ ಇಳಿಯುತ್ತವೆ. ಮೇಲಿನ ನೀರು ಇನ್ನೂ ನೀಲಿಯೋ ಹಸಿರೋ ಆಗಿದ್ದರೆ ಚೆಲ್ಲಬೇಡಿ, ಅದರಲ್ಲಿ ಇನ್ನೂ ತಾಮ್ರವಿದೆ. ಕೆಸರನ್ನು ಬಾಟಲಿಗೆ ತುಂಬಿ, ಒಳಗೇನಿದೆ ಎಂದು ಮೇಲೆ ಬರೆದು, ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನವರನ್ನೋ ಊರಿನಲ್ಲಿ ಅಪಾಯಕಾರಿ ಕಸ ಪಡೆಯುವವರನ್ನೋ ಕೇಳಿ ಕೊಡಿ.